ಹಂದಿ ಕೊಯ್ಯದೆ ಬಡಿದ ಗಂಗ್ಸಾ

ಬೆಸಾವ್
20 ಜನವರಿ 1988

ನನ್ನ ಮುದ್ದಿನ ಡೆಲ್ಮಾ ಅಕ್ಕಾ,

ಎಷ್ಟೊಂದು ಮುತ್ತು ನಿನಗೆ! ಮದುವೆಯಾದದ್ದೇ ತಂಗಿ ಮರೆತುಬಿಟ್ಟಳು ಅಂತ ಬೈದಿರುತ್ತೀಯ. ಬೈಯಿ, ತಪ್ಪು ನನ್ನದೇ. ಆದರೆ ಸುಖವಾಗಿದ್ದರೆ ಕಾಗದ ಬರೆಯಲು ಪುರುಸೊತ್ತೇ ಸಿಗುವುದಿಲ್ಲ ಅಕ್ಕಾ! ಬೆಳಿಗ್ಗೆ ಗದ್ದೆಯ ಮೇಲೆ ಮಂಜು, ಒಲೆಯ ಮೇಲೆ ಗೆಣಸು, ಪಕ್ಕದಲ್ಲಿ ಬ್ರೆಂಟ್. ನನ್ನ ಗಂಡ ಹಲ್ಲುಜ್ಜುವಾಗಲೂ ಚೆಂದ ಕಾಣುತ್ತಾನೆ, ನಗಬೇಡ.

ಆದರೆ ಒಂದು ಎಡವಟ್ಟಾಗಿದೆ. ಇಲ್ಲಿ ಅಟ್ಟದಲ್ಲಿ ಮುತ್ತಜ್ಜನ ಕಾಲದ ಗಂಗ್ಸಾ ಇದೆ, ಕಂಚಿನ ಜಾಗಟೆ. ಬಾಗ್ಯೊ ಪೇಟೆಯ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವ ಬಂದರೆ ಸಾಕು, ಗಂಗ್ಸಾ ಬಡಿದು ಕುಣಿಯುತ್ತಿದ್ದೆವಲ್ಲ? ಸೋಮವಾರ ಬ್ರೆಂಟೇ ಅದನ್ನಿಳಿಸಿ, "ಬಡಿಯೇ, ಏನೂ ಆಗಲ್ಲ" ಎಂದು ಕೈಗೆ ಕೋಲು ಕೊಟ್ಟು ಸೌದೆ ತರಲು ಹೋದ. ನಾನು ಮನಸಾರೆ ಬಡಿದೆ!

ಗದ್ದೆಗಳಿಂದ ಜನ ಕೆಸರುಗಾಲಲ್ಲೇ ಓಡಿಬಂದರು. ನನಗೆ ತಿಳಿಯಲೆಂದು ನಮ್ಮ ಇಲೊಕಾನೊ ಭಾಷೆಯಲ್ಲೇ ಕೇಳಿದರು, "ಹಂದಿ ಎಲ್ಲಮ್ಮಾ?"

"ಹಂದಿ ಕೊಯ್ಯದೆ ಗಂಗ್ಸಾ ಬಡಿತಾರೇನೇ? ಮದುಮಗಳನ್ನೇ ಕೊಯ್ಯೋಣ ಬಿಡು!" ಎಂದಳು ಪಕ್ಕದ ಮನೆಯವಳು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಗಂಗ್ಸಾ ಕೇಳಿದರೆ ತೀರಿಹೋದ ಹಿರಿಯರೂ ಊಟಕ್ಕೆ ಬರುತ್ತಾರಂತೆ. ಬರಿಹೊಟ್ಟೆಯಲ್ಲಿ ಕಳಿಸಿದರೆ ಮನೆಗೆ ಕೇಡಂತೆ.

ಅತ್ತೆ ಕೋಳಿ ಕೊಯ್ದರು. ಊರ ಹಿರಿಯರಾದ ಪೊಲೊನ್ ಅಜ್ಜ ಅದರ ಪಿತ್ತಕೋಶ ನೋಡಿ ತಲೆ ಅಲ್ಲಾಡಿಸಿದರು. ಶಕುನ ಚೆನ್ನಾಗಿರಲಿಲ್ಲ. ತಿಳಿಯದೆ ಮಾಡಿದ್ದರೆ ಇನ್ನೊಂದು ಕೋಳಿಗೆ ಮುಗಿಯುತ್ತದೆ, ಬೇಡವೆಂದರೂ ಮಾಡಿದ್ದರೆ ಹುಡುಗಿ ತವರಿಗೆ ಹೋಗಬೇಕು ಅಂದರಂತೆ. ಬ್ರೆಂಟ್ ಈ ಊರಿನ ಕಂಕನಾಯ್ ಭಾಷೆಯಲ್ಲಿ ಅಜ್ಜನಿಗೆ ಏನೇನೋ ಹೇಳಿದ. ಆಮೇಲೆ ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ, "ತಪ್ಪು ನಂದೇ ಅಂದೆ. ಆದರೂ ಕೇಳಲಿಲ್ಲ" ಎಂದ.

ಹೀಗಾಗಿ ಕುಯಿಲು ಮುಗಿಯುವವರೆಗೆ ನಾನು ನಿನ್ನ ಮನೆಯಲ್ಲಿ! ಅಷ್ಟರಲ್ಲಿ ಶಕುನ ತಿರುಗದಿದ್ದರೆ ಮದುವೆಯೇ ಮುರಿದ ಹಾಗೆ. ತಿರುಗುತ್ತದೆ ಬಿಡು. ಶನಿವಾರದ ಬಸ್ಸಿಗೆ ಬರುತ್ತೇನೆ. ಅಮ್ಮನಿಗೆ ಈಗಲೇ ಹೇಳಬೇಡ. ನಿನ್ನ ಪುಟ್ಟಿ ನೂರು ವರ್ಷ ಬಾಳಲಿ, ಅವಳ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಹುಚ್ಚು ತಂಗಿ,
ಅರ್ಲೀನ್

ತಾ.ಕ.: ಬ್ರೆಂಟ್‌ನ ಹುಟ್ಟುಹಬ್ಬದ ದಿನ ಅವನ ಭಾಷೆಯಲ್ಲೇ ಮಾತಾಡಿಸಿ ಬೆರಗುಗೊಳಿಸಬೇಕೆಂದು ಅವನ ಅಜ್ಜಿಯಿಂದ ಗುಟ್ಟಾಗಿ ಕಂಕನಾಯ್ ಕಲಿಯುತ್ತಿದ್ದೆ. ಅವನಿಗಿನ್ನೂ ಗೊತ್ತಿಲ್ಲ. ಪೊಲೊನ್ ಅಜ್ಜನಿಗೆ ಅವನು ಹೇಳಿದ್ದೆಲ್ಲ ನನಗೆ ತಿಳಿಯಿತು ಅಕ್ಕಾ: "ಮುಟ್ಟಬೇಡ ಅಂತ ಎಷ್ಟು ಹೇಳಿದೆ ಅಜ್ಜಾ. ಪ್ಯಾಟೆ ಹುಡುಗಿ, ನನ್ನ ಮಾತೆಲ್ಲಿ ಕೇಳ್ತಾಳೆ." ಅದಾದ ಮೇಲೇ ನನ್ನ ಕೈ ಹಿಡಿದದ್ದು. ನಾನು ಥ್ಯಾಂಕ್ಸ್ ಎಂದೆ.