ಮಾಲೀಕರ ಪಾಸ್‌ವರ್ಡ್

ಫ್ರಾಂಕ್‌ಫರ್ಟ್, ಮಾರ್ಚ್ ೨೦೦೪

ಮಾಲೀಕರಾದ ಶಿವಮೂರ್ತಿಯವರಿಗೆ ನಮಸ್ಕಾರ.

ನಾನೇ ಮಾಡಿದ ಡಿಸೈನುಗಳಿಗೆ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಹಾಕಿಸಿ, ಪಾಸ್‌ವರ್ಡ್ ನನಗೇ ಹೇಳದೆ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದಿರಿ. ಇಲ್ಲಿನ ಕಸ್ಟಮ್ಸ್‌ನವರು ತೆರೆದು ತೋರಿಸಿ ಎಂದರು. ಫೋನ್ ಮಾಡಿದರೆ, “ಹೆಂಗಸ್ರಿಗೆಲ್ಲ ಪಾಸ್‌ವರ್ಡ್ ಹೇಳಕ್ಕಾಯ್ತದೇನಮ್ಮ? ನೀನೇ ಏನಾರ ಮಾಡ್ಕೊ” ಎಂದು ಇಟ್ಟುಬಿಟ್ಟಿರಿ.

ಮಾಡಿಕೊಂಡೆ. ಗುಬ್ಬಿ ರಸ್ತೆಯ ಫ್ಯಾಕ್ಟರಿಗೆ, ಜೀಪಿಗೆ, ಕೊನೆಗೆ ಮಗನಿಗೂ ಇಟ್ಟಿದ್ದೀರಲ್ಲ, ನಿಮ್ಮ ಮನೆದೇವರು ಎಡೆಯೂರು ಸಿದ್ಧಲಿಂಗೇಶ್ವರನ ಹೆಸರು, ಅದನ್ನೇ ಹೊಡೆದೆ. ಮೊದಲ ಸಲಕ್ಕೇ ತೆರೆಯಿತು. ಭಾರಿ ತಲೆ ಓಡಿಸಿದ್ದೀರಿ.

ಈಗ ಪಾಸ್‌ವರ್ಡ್ ಬದಲಾಯಿಸಿದ್ದೇನೆ. ನಾನು ತುಮಕೂರಿಗೆ ಬಂದಮೇಲೆ, ಡಿಸೈನು ಬೇಕಾದಾಗಲೆಲ್ಲ ಕರೆಸಿ, ತೆರೆದುಕೊಡುತ್ತೇನೆ. ಪಾಸ್‌ವರ್ಡ್ ಏನೆಂದು ಮಾತ್ರ ಕೇಳಬೇಡಿ. ಗಂಡಸ್ರಿಗೆಲ್ಲ ಹೇಳಕ್ಕಾಯ್ತದೇನ್ ಸಾರ್?

ಇಂತಿ,
ಸ್ವರ್ಣಲತಾ
ನಿಮ್ಮ ಡಿಸೈನ್ ಎಂಜಿನಿಯರ್