ನನ್ನ ರಫ್ ಪ್ಯಾಚೂ ಅವಂದಽ, ಬುಟ್ಟೀನೂ ಅವಂದಽ

ಅದಕ್ಕಽ ಹೇಳಾಕತ್ತೇನಿ ಆಯಿ, ಇಷ್ಟೆಲ್ಲಾ ಆದ ಮ್ಯಾಲೂ ನಳದಾಗ ನೀರ ಇರಲಿಲ್ಲ. ಇಡೀ ದಿನ ಗೋದಾಮಿನ್ಯಾಗ ಡಬ್ಬಿ ಎತ್ತಿ ಎತ್ತಿ ಬೆನ್ನು ಹಲಗಿ ಆಗೇತಿ, ಖೋಲಿಗೆ ಬಂದ್ರ ಗೈಬುಸಾಬ ಒಂದ ಕೊಡಾ ನೀರ ಮುಂದ ಇಟ್ಟಕೊಂಡು ಕುಂತಾನ. ಇದರಾಗ ಮಾರಿ ತೊಳಕೋತಿಯೋ, ಅನ್ನಕ್ಕ ಇಡ್ಲ್ಯೋ ಅಂತ ನನ್ನ ಕೇಳ್ತಾನ. ಗೈಬುಸಾಬ ಅಂದ್ರ ಗೊತ್ತಲ್ಲ, ನನ್ನ ಖೋಲಿ ಜೋಡಿದಾರ, ಸಿಂದಗಿಯಾವ. ತಡಿ ತಡಿ, ಮುತ್ಯಾ ಕಾಗದ ಬರಸೂ ಮುಂದ ಮೊದಲ ಊರು, ತಾರೀಖು ಹೇಳತಿದ್ದ, ನಾ ಸಿಟ್ಟಿನ್ಯಾಗ ಮರ್ತೇಬಿಟ್ಟೆ. ಚಾಕಣ, ಪುಣೆ ಹತ್ರ. ಡಿಸೆಂಬರ್ ಹದಿನಾರು, ಮಂಗಳವಾರ ರಾತ್ರಿ. ಬಂಗಾರದಂಥಾ ನನ್ನ ಆಯಿ ಶಂಕ್ರೆವ್ವಗ, ಹಿರೇ ಮೊಮ್ಮಗ ಸೋಮನಿಂಗ ಇಲ್ಲಿಂದಽ ಕಾಲ ಮುಟ್ಟತಾನ. ಕಣ್ಣು ಹ್ಯಾಂಗದಾವ? ಸಿಂದಗಿ ಡಾಕ್ಟರು ಕೊಟ್ಟ ಹನಿ ದಿನಾ ಹಾಕ್ಕೋತಿಯೋ ಇಲ್ಲೋ? ಒಲಿ ಮುಂದ ಕುಂಡ್ರಬ್ಯಾಡ, ಹೊಗಿ ತಾಕಿದ್ರ ಆಪರೇಶನ್ ಮಾಡಿಸಿದ್ದು ದಂಡ ಆಕ್ಕೈತಿ. ಮೊಳಕಾಲಿಗೆ ಎಣ್ಣಿ ತಿಕ್ಕಾಕ ಅವ್ವಗ ಹೇಳು.

ಲೇ ಶ್ರೀಶೈಲ, ನೀ ಅಲ್ಲೇ ನಿಂತು ಕೇಳಾಕತ್ತಿ ಅಂತ ನನಗ ಗೊತ್ತೈತಿ. ಫೋನ ಆಯಿ ಕೈಯಾಗ ಕೊಟ್ಟು ಹೊರಗ ನಡಿ. ನೋಡಾಯಿ, ಇದು ನನ್ನ ಹಣಿಬಾರ. ಮನ್ಯಾಗ ಎಲ್ಲಾರವೂ ಬಟನ್ ಫೋನು, ಟಚ್ ಫೋನ್ ಇರೂದು ಕಾಕಾನ ಮಗಾ ಈ ಶ್ರೀಶೈಲ ಒಬ್ಬನ ಕಡೆ. ನಿನಗೊಂದು ಮಾತ ಹೇಳಬೇಕಂದ್ರ ಅವನ ಫೋನಿಗೇ ದನಿ ತುಂಬಿ ಕಳಸಬೇಕು. ಅವನ ಮ್ಯಾಲೆ ಚಾಡಿ ಹೇಳಬೇಕಂದ್ರೂ ಅವನಽ ಒತ್ತಿ ಕೇಳಸಬೇಕು. ಹಿಂಗ ಯಾರಿಗಾದ್ರೂ ಆಗೇತೇನು?

ಚಾಡೀನಽ ಹೇಳಾಂವ ಅದೇನಿ, ಮುಚ್ಚಿಡೂದೇನೈತಿ. ರವಿವಾರ ಫೋನಿನ್ಯಾಗ ನೀ ಅಂದಿ, ಈ ಸಲ ಎಳ್ಳ ಅಮಾಸಿಗೆ ಚರಗದ ಬುಟ್ಟಿ ಶ್ರೀಶೈಲ ಹೊರ್ತಾನ, ಅವಗ ನೌಕರಿ ಹತ್ತೈತಿ, ಭೂಮ್ತಾಯಿಗೆ ಅವನ ಕೈಲೆ ಉಣಸೂಣು ಅಂತ. ನಾ ಹ್ಞೂಂ ಅಂದೆ. ಫೋನ ಇಟ್ಟು ನನ್ನ ತಾಟ ಗೈಬುಸಾಬನ ಮುಂದ ಸರಿಸಿದೆ. ಮುತ್ಯಾ ತೀರಿಕೊಂಡ ವರ್ಷ ಆ ಬುಟ್ಟಿ ನನ್ನ ತಲಿ ಮ್ಯಾಲೆ ಇಟ್ಟಾಕಿ ನೀನಽ. ನನಗಾಗ ಹತ್ತು ವರ್ಷ, ಬುಟ್ಟಿ ನನಗಿಂತ ದೊಡ್ಡದಿತ್ತು. ಅವತ್ತಿಂದ ನಾ ಮುಂದ, ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಿಗಿ ಎಲ್ಲಾ ಕಲಸಿ ಬಿಳಿಜ್ವಾಳದಾಗ ಚೆಲ್ಲಕೋತ ‘ಹುಲ್ಲುಲಿಗ್ಯೋ’ ಅಂತ ಕೂಗಾಂವ. ಶ್ರೀಶೈಲ ನನ್ನ ಹಿಂದ, ತಂಬಗಿಲೆ ನೀರ ಹೊಡಕೋತ ‘ಚಲ್ಲಂಬರಿಗ್ಯೋ’ ಅನ್ನಾಂವ. ಒಮ್ಮೆ ಕಡ್ಲಿ ಹೊಲದಾಗ ಎಡವಿ ಅವಾ ನೀರೆಲ್ಲಾ ನನ್ನ ಬೆನ್ನಿಗೆ ಸುರದಿದ್ದ, ನೀ ಬದುವಿನ ಮ್ಯಾಲೆ ಕುಂತು ಹೊಟ್ಟಿ ಹಿಡಕೊಂಡು ನಕ್ಕಿದ್ದಿ. ಹೋದ ವರ್ಷಾನೂ ರಜಾ ಸಿಗಲಿಲ್ಲಂದ್ರೂ ಓಡಿ ಬಂದು ಬುಟ್ಟಿ ಹೊತ್ತು, ರಾತ್ರಿ ಬಸ್ಸಿಗೇ ತಿರುಗಿ ಬಂದೀನಿ. ಝಳಕಿ ಸ್ಟ್ಯಾಂಡಿನ್ಯಾಗ ಹತ್ತೂದ್ರಾಗ ಆ ಮುದ್ದೇಬಿಹಾಳ ಗಾಡಿ ಬಾಗೇವಾಡಿ ಮಂದೀಲೇ ತುಂಬಿ ಬರ್ತೈತಿ, ಪುಣೆ ತನಕ ನಿಂತು ಬಂದೆ. ಆದ್ರ ಕಾಲ ನೋಯಲಿಲ್ಲ ನೋಡು.

ಹೋಗ್ಲಿ, ನೌಕರಿ ಹತ್ತಿದ್ದಾದ್ರೂ ಹ್ಯಾಂಗ, ಅದನ್ನ ಹೇಳ್ತೇನಿ, ಪೂರಾ ಕೇಳು. ನಮ್ಮ ಗೋದಾಮಿನ್ಯಾಗ ದಿನಾ ಮುಂಜಾನೆ ಕೆಲಸ ಸುರು ಆಗೂಕಿಂತ ಮೊದಲ ಶಿಂಧೆ ಮೇಡಂ ಎಲ್ಲಾರ್ನೂ ನಿಂದ್ರಿಸಿ ಹಲಗಿ ಮ್ಯಾಲೆ ಒಂದು ಇಂಗ್ಲಿಷ್ ಮಾತ ಬರೀತಾಳ. ಬರೇ ಸುಖದ ಕಾಲ, ಕಷ್ಟದ ಕಾಲದ ಮಾತು. ಡಬ್ಬಿ ಹೊರಾವ್ರು ಒಳಗಿನ ಡೆಸ್ಕಿಗೆ ಹೋಗಬೇಕಂದ್ರ, ಸಾಹೇಬ್ರ ಮುಂದ ಇಂಥಾ ನಾಕ ಮಾತ ಬರಬೇಕಂತ. ಅವನ್ನ ನಾ ನಿನಗ ಕಳಸ್ತಿದ್ದೆ, ಯಾಕಂದ್ರ ನೀ ಅವಕ್ಕ ಕೊಡೂ ಉತ್ತರ ಕೇಳಿ ನನಗ ನಗು. ‘ಆನ್ ಕ್ಲೌಡ್ ನೈನ್’ ಅಂದ್ರ ಭಾಳ ಖುಷಿಯಾಗಿ ಮುಗಿಲಾಗಿನ ಒಂಬತ್ತನೇ ಮಾಡದ ಮ್ಯಾಲೆ ಕುಂತಂಗ ಅಂತ ಹೇಳಿದ್ರ, ನೀ ಕೇಳಿದಿ, ನಮ್ಮ ಇಂಡಿ ಮ್ಯಾಲೆ ಒಂದ ಮಾಡ ಬರೂದು ಕಠಿಣ ಐತಿ, ಅವರಿಗೆ ಒಂಬತ್ತು ಎಲ್ಲಿಂದ ಬಂದ್ವಪ್ಪಾ ಅಂತ. ಕಷ್ಟ ಒಂದರ ಮ್ಯಾಲೊಂದು ಬರೂದಕ್ಕ ಅವರು ‘ವೆನ್ ಇಟ್ ರೇನ್ಸ್, ಇಟ್ ಪೋರ್ಸ್’ ಅಂತಾರ, ಮಳಿ ಬಂದ್ರ ಧೋ ಅಂತ ಸುರೀತೈತಿ ಅಂತ. ಮಳಿ ಬಂದ್ರ ಕಷ್ಟ ಹ್ಯಾಂಗಲೇ ಖೋಡಿ, ಅವರ್ನ ಒಂದ ಸಲ ನಮ್ಮೂರಿಗೆ ಕರಕೊಂಡ ಬಾ ಅಂದಿ. ‘ರಾಕ್ ಬಾಟಮ್’ ಅಂದ್ರ ಪೂರಾ ತಳಾ ಕಂಡ್ವಿ ಅಂತ ಹೇಳಿದೆ. ಕಾಳಿನ ಹಗೇದಾಗ ಇಳದ್ರ ತಳದಾಗೂ ಒಂದ ಸೇರು ಜ್ವಾಳ ಸಿಗತಾವ, ಕೈಯಾಡಿಸಿ ನೋಡಬೇಕು ಅಂದಿ. ಅದನ್ನ ನಾ ಗೈಬುಸಾಬಗ ಕೇಳಿಸಿದೆ, ಅವಾ ಎರಡು ದಿನಾ ಅದನ್ನಽ ಹೇಳ್ಕೋತ ತಿರುಗ್ಯಾಡಿದ.

ಆಮ್ಯಾಲ ‘ರಫ್ ಪ್ಯಾಚ್’ ಬಂತು. ಸಪಾಟ ದಾರಿ ಬಿಟ್ಟು ಕಲ್ಲಿನ್ಯಾಗ ನಡದಂಥಾ ಕೆಟ್ಟ ಕಾಲ. ಅವತ್ತು ನಾ ನಿನಗ ಯಾರಿಗೂ ಹೇಳದ್ದು ಹೇಳಿದೆ. ಇಲ್ಲಿಗೆ ಬಂದ ಹೊಸದಾಗ ಖೋಲಿ ಸಿಗದಽ ಢಾಬಾದ ಹಿಂದ ರಟ್ಟಿನ ಮ್ಯಾಲೆ ಮಲಗತಿದ್ದೆ, ಜ್ವರ ಬಂದಾಗ ಗುರುತಿಲ್ಲದ ಈ ಗೈಬುಸಾಬ ನನ್ನ ಎಬ್ಬಿಸಿ ಗಂಜಿ ಕುಡಿಸಿ ತನ್ನ ಖೋಲಿಗೆ ಕರಕೊಂಡ ಬಂದ ಅಂತ. ನೀ ಅತ್ತಿ. ಆಮ್ಯಾಲ ಅಂದಿ, ಹೊಲದಾಗೂ ಒಂದೊಂದು ಕಡೆ ಕರ್ಲು ಇರ್ತೈತಿ, ಅಲ್ಲಿ ಏನೂ ಬೆಳಿಯೂದಿಲ್ಲ, ಅದಕ್ಕಂತ ಹೊಲಾ ಬಿಟ್ಟು ಹೋಗ್ತಾರೇನು ಅಂತ. ಆ ಮಾತ ನಾ ಗಂಟ ಕಟ್ಟಿ ಇಟಗೊಂಡಿದ್ದೆ ಆಯಿ. ನನ್ನ ಡೆಸ್ಕಿನ ಸರತಿ ಬಂದಾಗ ಸಾಹೇಬ್ರ ಮುಂದ ಬಿಚ್ಚಬೇಕಂತ.

ಅಷ್ಟ್ರಾಗ ಈ ಶಾಣ್ಯಾ ಏನ ಮಾಡಿದ? ನಿನಗ ಕೇಳಸ್ತೇನಿ ಕೇಳಸ್ತೇನಿ ಅಂತ ಎಲ್ಲಾ ತಾನಽ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡ. ಇಂಡಿ ಊರಾಗ ಲಿಂಬಿಹಣ್ಣ ಹೊರದೇಶಕ್ಕ ಕಳಸೂ ಆಫೀಸಿನ್ಯಾಗ ಕೆಲಸ ಖಾಲಿ ಐತಿ ಅಂದಕೂಡಲೇ ಹೋಗಿ ಕುಂತ. ಅವರು ಇಂಗ್ಲಿಷಿನ್ಯಾಗ ಕೇಳ್ಯಾರ, ನಿನ್ನ ಜೀವನದಾಗ ಕಷ್ಟದ ಕಾಲ ಯಾವುದು ಅಂತ. ಅವಾ ಹೇಳ್ಯಾನ, ಐ ಹ್ಯಾಡ್ ಎ ರಫ್ ಪ್ಯಾಚ್, ಪುಣೆಯಾಗ ರಟ್ಟಿನ ಮ್ಯಾಲೆ ಮಲಗಿದ್ದೆ, ಜ್ವರ ಬಂದಿತ್ತು, ಗುರುತಿಲ್ಲದಾಂವ ಗಂಜಿ ಕುಡಿಸಿದ ಅಂತ. ನಿನ್ನ ಕರ್ಲಿನ ಮಾತೂ ಬಿಟ್ಟಿಲ್ಲ. ಸೋಲಾಪುರ ದಾಟಿ ಹೋಗದಾಂವ. ಜ್ವರ ಬಂದ್ರ ನಿನ್ನ ತೊಡಿ ಮ್ಯಾಲೆ ತಲಿ ಇಟ್ಟು ಮಲಗಾಂವ. ಮ್ಯಾಲ ನನಗಽ ನಕ್ಕೋತ ಕಳಸ್ಯಾನ, ‘ಅಣ್ಣಾ, ನಿನ್ನ ರಫ್ ಪ್ಯಾಚ್ ಭಾಳ ಭಾರಿ ಐತಿ, ನನಗ ನೌಕರಿ ಕೊಡಿಸ್ತು’ ಅಂತ. ಸುಖ ಕದ್ದವರ್ನ ಕಂಡೀನಿ ಆಯಿ, ಇಂವಾ ನನ್ನ ಕಷ್ಟ ಕದ್ದ. ರಟ್ಟಿನ ಮ್ಯಾಲೆ ಮಲಗಿದಾಂವ ನಾ, ಕುರ್ಚಿ ಮ್ಯಾಲೆ ಕುಂತಾಂವ ಅವಾ.

ಮುದ್ದೇಬಿಹಾಳ ಅತ್ತಿ ಒಂದು ಫೋಟೋ ಕಳಸ್ಯಾಳ, ನೀ ಅವನ ಬಾಯಾಗ ಪೇಡೆ ಇಡಾಕತ್ತೀದಿ. ನಾ ಆ ಫೋಟೋ ದೊಡ್ಡದು ಮಾಡಿ ನೋಡೀನಿ. ನೀ ಹೊಸಾ ಕಣ್ಣಿಲೆ ಅವನ ಮಾರಿ ನೋಡಾಕತ್ತೀದಿ. ಪಟ್ಟಿ ಬಿಚ್ಚಿದ ದಿನಾ ನಿನಗ ಮೊದಲ ಕಂಡದ್ದೂ ಅವನಽ ಅಲ್ಲ? ಗಾಡಿ ಮ್ಯಾಲೆ ಸಿಂದಗಿಗೆ ಕರಕೊಂಡ ಹ್ವಾದಾಂವ ಅವಾ, ಹನಿ ಹಾಕಾಂವ ಅವಾ, ನನ್ನ ದನಿ ಕೇಳಸಾಂವಾನೂ ಅವಾ. ಹೊಟ್ಟಿ ಉರಿತೈತಿ, ಸುಳ್ಳ ಯಾಕ ಹೇಳ್ಲಿ. ಗೈಬುಸಾಬ ಅಂತಾನ, ‘ನಿನ್ನ ಹೊಟ್ಟಿ ಮ್ಯಾಲೆ ಬೋಗುಣಿ ಇಟ್ರ ನೀರ ಕಡಿಮಿ ಇದ್ರೂ ಅನ್ನ ಆಕ್ಕೈತಿ.’ ಅವಗೇನು, ಅವನ ತಮ್ಮ ಸಾಲೀಗೆ ಹೋಗಾಕತ್ತಾನ, ಇನ್ನೂ ಏನೂ ಕದ್ದಿಲ್ಲ.

ಇವತ್ತು ನನ್ನ ಸರತಿ ಬಂತು. ಒಳಗಿನ ಡೆಸ್ಕಿಗೆ ಒಂದಽ ಜಾಗಾ, ಕೇಳಾಕ ಹೋದಾವ್ರು ನಾಕ ಮಂದಿ. ಶಿಂಧೆ ಮೇಡಂ ಬಾಜೂಕ, ಸಾಹೇಬ್ರು ನಡಕ. ಕಷ್ಟದ ಕಾಲ ಹೇಳು ಅಂದ್ರು. ನಾ ಐ ಹ್ಯಾಡ್ ಎ ಅಂದೆ, ಮುಂದ ರಫ್ ಪ್ಯಾಚ್ ಅನ್ನಬೇಕು, ಕಣ್ಣ ಮುಂದ ಶ್ರೀಶೈಲ ಪೇಡೆ ತಿನ್ನಾಕತ್ತಾನ. ಅವಾ ಹೇಳಿ ಬಿಟ್ಟ ಎಂಜಲ ಮಾತ ನಾ ಹ್ಯಾಂಗ ಆಡ್ಲಿ? ಅಲ್ಲಿಗೇ ಬಿಟ್ಟೆ. ಸಾಹೇಬ್ರು ಹೋಗ್ಲಿ, ಛಲೋ ಕಾಲಾನಾದ್ರೂ ಹೇಳು ಅಂದ್ರು. ಆವಾಗ ಬಾಯಾಗ ಬಂದದ್ದು ಒಂದಽ. ನನಗ ಗೊತ್ತಿದ್ದ ಹರಕ ಮುರಕ ಇಂಗ್ಲಿಷಿನ್ಯಾಗ ಎಳ್ಳ ಅಮಾಸಿ ಹೇಳಿದೆ. ಮೈ ಗೋಲ್ಡನ್ ಡೇಸ್ ಅಂತ ಸುರು ಮಾಡಿ, ಬಂಡಿ ಕಟ್ಟೂದು, ಬನ್ನಿಗಿಡದ ಬುಡಕ ಐದು ಕಲ್ಲಿಗೆ ಸುಣ್ಣಾ ಹಚ್ಚಿ ಪಾಂಡವರು ಅಂತ ಕುಂಡ್ರಸೂದು, ಹೊಲದಾಗ ಕೂಗೂದು, ಎಲ್ಲಾ. ಶಿಂಧೆ ಮೇಡಂ ಲಾತೂರ ಕಡ್ಯಾಕಿ. ನಮ್ಮಲ್ಲಿ ಇದಕ್ಕ ವೇಳ ಅಮಾವಾಸ್ಯೆ ಅಂತೀವಿ ಅಂದು ಪೆನ್ನ ಕೆಳಗ ಇಟ್ಟಳು. ಆಮ್ಯಾಲ ಕೇಳಿದ್ಲು, ನೀ ಮುಂದ ಹ್ವಾದ್ರ ಹಿಂದ ಯಾರು? ನನ್ನ ತಮ್ಮ ಅಂದೆ. ಕಾಕಾನ ಮಗಾ ಅನ್ನಾಕ ಇಂಗ್ಲಿಷ್ ಬರಲಿಲ್ಲ ಅಂತ ತಿಳಕೊ. ನಾಳೆ ಹೇಳ್ತೀವಿ, ಹೋಗು ಅಂದ್ರು. ನಾ ಹೊರಗ ಬಂದು ಮತ್ತ ಡಬ್ಬಿ ಎತ್ತಿದೆ.

ಈಗ ನನ್ನ ಮಾತ ಇಷ್ಟಽ. ಬೇಸ್ತವಾರ ರಾತ್ರಿ ಬಸ್ಸಿಗೆ ಟಿಕೆಟ್ ತಗಸೀನಿ, ಶುಕ್ರವಾರ ಹೊತ್ತು ಹುಟ್ಟೂದ್ರಾಗ ಝಳಕಿಯಾಗ ಇಳೀತೇನಿ. ಬುಟ್ಟಿ ಅವನ ತಲಿ ಮ್ಯಾಲೆ ಇಡಬ್ಯಾಡ. ಡೆಸ್ಕ ಸಿಗಲಿ, ಬಿಡಲಿ, ಕುರ್ಚಿ ಅವನ ಕಡೇನಽ ಇರಲಿ. ಸಾಹೇಬ್ರ ಮುಂದ ನಾ ಮುಂದ ನಡಿಯಾಂವ ಅಂತ ಹೇಳಿ ಬಂದೀನಿ, ಅದು ಸುಳ್ಳಾಗಬಾರದು. ಕಡಬಿಗೆ ಎಳ್ಳು ಜಾಸ್ತಿ ಹಚ್ಚು. ಅಪ್ಪಗ, ಅವ್ವಗ, ಕಾಕಾಗ ನನ್ನ ಶರಣು ಮುಟ್ಟಿಸು, ಹೋರಿಗೆ ಒಂದು ರೊಟ್ಟಿ ನನ್ನ ಹೆಸರಿಲೆ ಹಾಕು. ಆ ಕಳ್ಳಗ ಏನೂ ಹೇಳಬ್ಯಾಡ, ಅವಾ ಹ್ಯಾಂಗೂ ಕೇಳಾಕತ್ತಾನ. ದೇವ್ರು ನಿನ್ನ ಕಣ್ಣು ತಂಪ ಇಡ್ಲಿ ಅಂತ ಬೇಡೂ, ನಿನ್ನ ಸೋಮ್ಯಾ ಉರ್ಫ್ ಸೋಮನಿಂಗ.

ಆಯಿ, ಇನ್ನೊಂದು ಮರ್ತಿದ್ದೆ. ಅಂದ್ರ ಮರ್ತಿದ್ದಲ್ಲ, ಇದು ಈಗ ಬುಧವಾರ ಮುಂಜಾನೆ ಆಗಿದ್ದು. ಗೇಟಿನ ಮುಂದ ನಿಂತೀನಿ, ಸೀಟಿ ಹೊಡೀತಾರ, ಲಗೂನ ಹೇಳ್ತೇನಿ. ಡೆಸ್ಕ ನನಗಽ ಕೊಟ್ಟಾರ. ಆದ್ರ ಶುಕ್ರವಾರದಿಂದಽ ಕುಂಡ್ರಬೇಕಂತ, ಒಂದ ದಿನಾ ತಡಾ ಮಾಡಿದ್ರೂ ಜಾಗಾ ಬ್ಯಾರೇದಾವಗ ಹೋಗ್ತೈತಿ. ಮೇಡಂ ‘ನಂದೂ ಹಬ್ಬ ಹೋತಪ್ಪಾ’ ಅಂದ್ಲು. ನಾ ಹ್ಞೂಂ ಅಂದು ಬಂದೀನಿ, ಟಿಕೆಟ್ ಗೈಬುಸಾಬಗ ಕೊಟ್ಟೀನಿ, ಅವನಾದ್ರೂ ಊರ ನೋಡಿ ಬರಲಿ. ಇನ್ನ ಶ್ರೀಶೈಲ ರಾತ್ರಿ ಎಲ್ಲಾ ಕೇಳ್ಯಾನ, ನಿನಗಿಂತ ಮೊದಲ. ಉತ್ತರಾ ಕಳಸ್ಯಾನ, ನಾಕ ಮಾತು: ‘ಬುಟ್ಟಿ ನಿಂದಽ ಅಣ್ಣಾ. ನಾ ತಂಬಗಿ ತಿಕ್ಕಿ ಇಟ್ಟೀನಿ. ಬಾ.’ ಅದನ್ನ ಎಷ್ಟ ಸಲ ಕೇಳೀನೋ. ಹೊಟ್ಟಿಕಿಚ್ಚು ಹೋತಂತ ತಿಳೀಬ್ಯಾಡ, ಇನ್ನೂ ಐತಿ, ಈಗ ಜರಾ ಜಾಸ್ತೀನಽ ಐತಿ, ಅವಾ ಹೊಲದಾಗ ಇರ್ತಾನಲ್ಲ. ಬುಟ್ಟಿ ಅವನ ತಲಿ ಮ್ಯಾಲೇ ಇಡು. ಆದ್ರ ಮುಂದ ಕೂಗಾಂವ ಇದ್ರ ಹಿಂದ ಉತ್ತರ ಕೊಡಾಂವ ಒಬ್ಬ ಬೇಕು. ನೀರ ಯಾರರೆ ಹೊಡೀಲಿ, ಚಲ್ಲಂಬರಿಗ್ಯೋ ಅನ್ನೂ ದನಿ ನಂದು. ಫೋನ ಅವನ ಅಂಗಿ ಬಕ್ಕಣದಾಗ ಇರಲಿ, ಸ್ಪೀಕರ್ ಹಚ್ಚಿ. ಜ್ವಾಳದಾಗ ಕಾಲ ಇಟ್ಟು ಹುಲ್ಲುಲಿಗ್ಯೋ ಅನ್ನೂಕಿಂತ ಮೊದಲ ನನಗ ಹಚ್ಚಾಕ ಹೇಳು. ಶುಕ್ರವಾರ ನನ್ನ ಊಟದ ಸುಟ್ಟಿ ಮಧ್ಯಾಹ್ನ ಒಂದು ಗಂಟೆಕ್ಕ, ಅವಾ ಒಂದು ಗಂಟೆಕ್ಕಽ ಹಚ್ಚಬೇಕು.