ಎದುರು ಬದಿಯ ಹೊಸ ದೀಪ

ಅಕ್ಟೋಬರ್ ೧೪, ಶಿಕಾಗೊ

ಸಕಲ ಸಂತರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಎದುರು ಬದಿಯ ಲೂಪೆಯ ಬೇಕರಿಯ ಹೊಸ ಕುಂಡದಿಂದ ಇಂದು ಒಂದು ಹೂವು ಕದ್ದೆ.

ಅವಳ ಬದಿಯನ್ನು ನಗರಸಭೆ ‘ಪಾಳುಬಿದ್ದ ಪ್ರದೇಶ’ ಎಂದು ಸಾರಿದೆ. ಅಲ್ಲಿ ಇನ್ನು ಏರುವ ಆಸ್ತಿ ತೆರಿಗೆಯೆಲ್ಲ ಅಲ್ಲಿನ ದುರಸ್ತಿಗೇ ಮೀಸಲು. ಆ ದುಡ್ಡಿನಲ್ಲಿ ಅವಳಿಗೆ ಹೊಸ ಗಾಜು, ಹೊಸ ದೀಪ. ಆ ಪ್ರದೇಶದ ಗಡಿ ರಸ್ತೆಯ ನಡುವೆಯೇ ಹಾದುಹೋಗಿದೆ; ಈಚೆಗಿರುವ ನನ್ನ ಬೂಟಿನ ಅಂಗಡಿಗೆ ಅವಳ ದೀಪದ ಬೆಳಕಷ್ಟೇ ಬಿಟ್ಟಿ. ಹೊಟ್ಟೆ ಉರಿಯುತ್ತಿದೆ.

“ಹೂವು ಬೇಕಿದ್ರೆ ಕೇಳ್ಬಾರ್ದಾ, ಝಿಗ್ಮುಂಟ್ ಅವ್ರೇ?” ಎಂದು ಬಾಗಿಲಲ್ಲಿ ನಿಂತು ನಕ್ಕಳು.

“ನಮ್ ಬದೀನ ಗಡಿಯಿಂದ ಆಚೆ ಬಿಟ್ಟ ಮೂರ್ಖ ಯಾರು ಹೇಳಮ್ಮ, ನಾನು ವಿಚಾರಿಸ್ಕೋತೀನಿ!”

“ಕನ್ನಡಿ ಮುಂದೆ ನಿಂತು ವಿಚಾರಿಸ್ಕೊಳ್ಳಿ.”

ನಿಜ. ಗಡಿ ಗೊತ್ತುಮಾಡುವ ಮೊದಲು ನಗರಸಭೆ ಕರೆದ ಅಹವಾಲಿನ ಸಭೆಯಲ್ಲಿ ಎದ್ದು ನಿಂತು, “ನಮ್ಮ ಬದಿ ಪಾಳೇ? ಆ ಮಾತು ವಾಪಸ್ ತಗೊಳ್ಳಿ!” ಎಂದು ಗುಡುಗಿದವನು ನಾನೇ. ತಗೊಂಡರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಲೂಪೆ.